ಅರ್ಧ ಶಬ್ದ ಹಿಂದೆ ಬರುವ ದನಿ

ನಮ್ಮ ಚರ್ಚಿನಲ್ಲಿ ಹಾಡು ಎತ್ತುವವಳು ನಂದಾ ಆಯಿ. ವಯಸ್ಸು ಅರವತ್ತೆಂಟು, ಇಬ್ರಾಹಿಂಪುರದ ಮನೆಯಲ್ಲೇ ಹೊಲಿಗೆ ಕೆಲಸ. ಕೀಬೋರ್ಡ್ ಬಂದು ಮೂರು ವರ್ಷವಾಯಿತು, ಆದರೂ ಆಯಿ ಮೊದಲ ಸಾಲು ಎತ್ತದಿದ್ದರೆ ಯಾರೂ ಬಾಯಿ ತೆರೆಯುವುದಿಲ್ಲ. ನನಗಂತೂ ಭಾನುವಾರ ಅಂದರೇನೇ ಆ ದನಿ.

ಪ್ರತಿ ಸಾಲಿನ ಕೊನೆಗೆ ಆಯಿ ಒಂದು ಚೂರು ನಿಲ್ಲುತ್ತಾಳೆ. ಅದಕ್ಕೆ ಕಾರಣ ಅವಳ ಗಂಡ, ಬಾಬು ಅಜ್ಜ. ಅವನಿಗೆ ಓದು ಬರುತ್ತಿರಲಿಲ್ಲ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂಡುವುದು ನಮ್ಮಲ್ಲಿ ರೂಢಿ. ಅಜ್ಜ ಬಲಗಡೆಯ ಮೊದಲ ಬೆಂಚಿನ ತುದಿಯಲ್ಲಿ ಕೂತು, ಕುತ್ತಿಗೆ ಹೊರಳಿಸಿ, ಆಚೆ ಕೂತ ಆಯಿಯ ತುಟಿ ನೋಡಿ ಹಾಡುತ್ತಿದ್ದ. ಹಾಗಾಗಿ ಯಾವಾಗಲೂ ಅರ್ಧ ಶಬ್ದ ಹಿಂದೆ. ಎಲ್ಲರೂ ಮುಗಿಸಿದ ಮೇಲೆ ಅವನ ದಪ್ಪ ದನಿ ಬಂದು ಸಾಲು ಮುಚ್ಚುತ್ತಿತ್ತು. ನಲವತ್ತು ವರ್ಷ ಹೀಗೇ ನಡೆಯಿತು. ಹೋದ ವರ್ಷ ಅಜ್ಜ ತೀರಿಕೊಂಡ. ಆಯಿ ಇನ್ನೂ ಆ ದನಿಗೆ ಕಾಯುತ್ತಾಳೆ.

ಜೂನ್‌ನಲ್ಲಿ ಹೊಸ ಪಾಸ್ಟರ್ ಬಂದರು. ಇನ್ನು ಮನೆಮಂದಿಯೆಲ್ಲ ಜೊತೆಯಲ್ಲಿ ಕೂಡಬಹುದು ಎಂದರು. ಎರಡೇ ವಾರದಲ್ಲಿ ಎಡ ಬಲ ಎಲ್ಲ ಕಲಸಿಹೋಯಿತು. ಆಯಿ ಮಾತ್ರ ಜಾಗ ಬಿಡಲಿಲ್ಲ.

"ಈ ಕಡಿ ಬರ್ರಿ ಆಯಿ, ಫ್ಯಾನ್ ಐತಿ," ಎಂದು ಪಾಸ್ಟರ್ ಕರೆದರು.

"ಫ್ಯಾನ್ ನೀವ ಹಾಕ್ಕೋರಿ. ನನಗ ಇಲ್ಲಿಂದ ಅವ್ರ ಜಾಗಾ ಕಾಣ್ತೈತಿ."

ಒಂದು ಭಾನುವಾರ ಅಜ್ಜನ ಜಾಗದಲ್ಲಿ ಶಾಂಭವಿ ಕೂತಿದ್ದಳು. ಕನಮಡಿಯವಳು, ಅಥಣಿ ರಸ್ತೆಯ ಮನೆಗಳಲ್ಲಿ ಅಡುಗೆ ಮಾಡುತ್ತಾಳೆ, ಚರ್ಚಿಗೆ ಹೊಸಬಳು. ಆಯಿ ಮುಖ ಗಂಟು ಹಾಕಿಕೊಂಡೇ ಹಾಡು ಎತ್ತಿದಳು. ಸಾಲು ಮುಗಿಯಿತು, ಆಯಿ ನಿಂತಳು. ಆಗ ಅರ್ಧ ಶಬ್ದ ಹಿಂದೆ, ಆ ಕಡೆಯಿಂದ ಒಂದು ದನಿ ಬಂತು. ಶಾಂಭವಿಯ ಕೈಯಲ್ಲಿ ಹಾಡಿನ ಪುಸ್ತಕವಿತ್ತು, ಕಣ್ಣು ಆಯಿಯ ತುಟಿಯ ಮೇಲಿತ್ತು.

ಮುಂದಿನ ಸಾಲನ್ನು ಆಯಿಗೆ ಎತ್ತಲಾಗಲಿಲ್ಲ. ನಾವೇ ಎತ್ತಿದೆವು.

ಆಮೇಲೆ ಮೂರು ವಾರ ಆಯಿ ಎಲ್ಲರಿಗಿಂತ ಮೊದಲು ಬಂದು ಕೂಡುತ್ತಿದ್ದಳು. ಶಾಂಭವಿಗೆ ಕಾಣಲೆಂದು ಬಾಯಿ ದೊಡ್ಡದಾಗಿ ತೆರೆದು ಹಾಡುತ್ತಿದ್ದಳು.

ನಾಲ್ಕನೇ ವಾರ ಶಾಂಭವಿ ಬಾಗಿಲ ಹತ್ತಿರ ತಡೆದು ಕೇಳಿದಳು. "ಆಯಿ, ನನಗ ಅಕ್ಷರಾ ಕಲಸ್ತೀರೇನ್ರಿ? ಎಷ್ಟ ದಿನಾಂತ ನಿಮ್ಮ ಬಾಯಿ ನೋಡ್ಲಿ?"

"ಯಾಕವಾ, ನನ್ನ ಬಾಯಿಗೇನಾಗೇತಿ?" ಎಂದು ಆಯಿ ನಕ್ಕು ಮಾತು ಹಾರಿಸಿದಳು.

ಮನೆಗೆ ಹೋಗುವ ದಾರಿಯಲ್ಲಿ ನನ್ನ ಹತ್ತಿರ ಹೇಳಿದಳು. "ಅವ್ರೂ ಹಿಂಗ ಕೇಳಿದ್ರು. ನಾಳೆ, ನಾಳೆ ಅಂದೆ. ಅಕ್ಷರಾ ಬಂದ್ರ ಪುಸ್ತಕಾ ನೋಡ್ತಾರ, ನನ್ನ ಮಾರಿ ಯಾಕ ನೋಡ್ತಾರ? ನನ್ನ ಆಸಿ ಸಲುವಾಗಿ ಅವ್ರು ಓದಾಕ ಕಲೀದ ಹೋದ್ರು."

"ಮತ್ತ ಶಾಂಭವಿಗೆ ಏನಂತೀರಿ?"

"ಕಲತ್ರ ಈಕಿ ದನೀನೂ ಹೋಗ್ತೈತಲಾ," ಎಂದಳು ಆಯಿ.

ಮುಂದಿನ ಭಾನುವಾರ ಆಯಿ ಎದ್ದು, ನಡುವಿನ ದಾರಿ ದಾಟಿ, ಶಾಂಭವಿಯನ್ನು ಸರಿಸಿ ಅಜ್ಜನ ಜಾಗದಲ್ಲಿ ಕೂತಳು.

"ಗಂಡಸರ ಕಡಿ ಬಂದ್ರಲ್ಲ ಆಯಿ," ಎಂದ ಕೀಬೋರ್ಡಿನ ಸತೀಶಕುಮಾರ.

"ನೀ ಸುಮ್ನ ಪೆಟ್ಟಿಗಿ ಬಾರಸಪಾ."

ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳನ್ನು ಪುಸ್ತಕದ ಒಂದು ಅಕ್ಷರದ ಕೆಳಗಿಟ್ಟು ಹೇಳಿದಳು, "ಇದು ಕ. ಕರುಣೆಯ ಕ."

ಪ್ರತಿ ಬುಧವಾರ ಸಂಜೆ ಆಯಿಯ ಮನೆಯಲ್ಲೂ ಪಾಠ ನಡೆಯಿತು. ಈಗ ಕ್ರಿಸ್‌ಮಸ್ ಹತ್ತಿರ ಬಂದಿದೆ. ಶಾಂಭವಿ ಪುಸ್ತಕ ನೋಡಿ, ಎಲ್ಲರ ಜೊತೆಗೇ ಸಾಲು ಮುಗಿಸುತ್ತಾಳೆ. ಆಯಿ ಅಜ್ಜನ ಜಾಗದಿಂದ ಆಚೆಗಿರುವ ತನ್ನ ಹಳೆಯ ಜಾಗ ನೋಡುತ್ತಾ, ಒಂದು ಚೂರು ನಿಲ್ಲುತ್ತಾಳೆ. ಸತೀಶಕುಮಾರನೂ ಕೀಬೋರ್ಡಿನಿಂದ ಬೆರಳೆತ್ತಿ ಕಾಯುತ್ತಾನೆ.