ತೋಳಿಲ್ಲದ ಬನಿಯನ್

ಮಳೆಗಾಲದಲ್ಲಿ ನಮ್ಮೂರು ಮಸಗುಪ್ಪಿಯ ಎರೆಮಣ್ಣಿನಲ್ಲಿ ಕಬಡ್ಡಿ ಆಡಲು ಆಗುತ್ತಿರಲಿಲ್ಲ. ಆಟ ನಿಂತ ಆ ತಿಂಗಳುಗಳಿಗೇ ನಾನು ಹೆಚ್ಚು ಹೆದರುತ್ತಿದ್ದೆ. ಟೀಮಿನಲ್ಲಿ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು, ಪಕ್ಕದ ಊರಿನಿಂದ ಯಾರನ್ನು ಎಳೆದು ತರುವುದು, ಎಲ್ಲ ತೀರ್ಮಾನವಾಗುತ್ತಿದ್ದದ್ದು ಆಗಲೇ. ಆದರೆ ಬಾಯಿಬಿಟ್ಟು ಒಬ್ಬರೂ ಹೇಳುತ್ತಿರಲಿಲ್ಲ. ಮಳೆ ನಿಂತ ಮೇಲೆ ಮೂಡಲಗಿಯಿಂದ ಟೇಲರ್ ಕಾಕಾ ಸೈಕಲ್ ಮೇಲೆ ಬಂದು ಆಟಕ್ಕೆ ಹಾಕುವ ಹೊಸ ಬನಿಯನ್ನಿಗೆ ಯಾರ ಅಳತೆ ತೆಗೆದುಕೊಳ್ಳುತ್ತಾರೋ ಅವರು ಟೀಮಿನಲ್ಲಿದ್ದಂತೆ. ಸೈಕಲ್ ಮನೆ ಮುಂದೆ ನಿಲ್ಲದೆ ಹೋಯಿತೋ, ಮುಗೀತು.

ಆ ವರ್ಷ ಗೋಕಾಕದಲ್ಲಿ ನಡೆದ ಫೈನಲ್‌ನಲ್ಲಿ ನನ್ನ ಮೊಣಕಾಲು ತಿರುಚಿತ್ತು. ರೇಡಿಗೆ ಬಂದವನ ಕಾಲು ಹಿಡಿದು ಕೆಡವುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಅದಕ್ಕೆ ಬಗ್ಗಲೇಬೇಕು, ಬಗ್ಗಿದರೆ ಜೀವ ಹೋದಂತಾಗುತ್ತಿತ್ತು. ಕ್ಯಾಪ್ಟನ್ ಕೂರುವ ಕಟ್ಟೆಯ ಮುಂದೆ ಹಲ್ಲು ಕಚ್ಚಿ ನೆಟ್ಟಗೆ ನಡೆದು, ತಿರುವು ದಾಟಿದ ಮೇಲೆ ಕುಂಟುತ್ತಿದ್ದೆ. ಹಿಂದಿನ ವರ್ಷ ನಿಡಸೋಸಿ ಕಡೆಯ ಟೀಮಿನವರು ಕರೆದಾಗ, ಊರು ಬಿಟ್ಟು ಆಡುವುದಿಲ್ಲ ಎಂದು ಎದೆ ಸೆಟೆಸಿ ಹೇಳಿದ್ದೆ. ಈಗ ಅವರೂ ಇತ್ತ ತಲೆ ಹಾಕಲಿಲ್ಲ. ತುಕ್ಕಾನಟ್ಟಿಯಿಂದ ಹೊಸಬನೊಬ್ಬ ಬರುತ್ತಾನಂತೆ, ಅವನೂ ಕಾಲು ಹಿಡಿಯುವವನೇ ಅಂತೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನದಿಂದ ಕಾಕಾ ಬರುವ ದಾರಿ ನೋಡುತ್ತ ಕೂತೇ ಇರುತ್ತಿದ್ದೆ.

"ಏನ್ರಿ, ಪರೀಕ್ಷಾ ಬರಿಯಾಕ ಕುಂತಂಗ ಕುಂತೀರಲ್ಲ? ಬನಿಯನ್ ಬೇಕಂದ್ರ ಸಂತ್ಯಾಗ ಬೇಕಾದಷ್ಟು ಸಿಗ್ತಾವು," ಎಂದು ಹೆಂಡತಿ ಕಾಡಿಸಿದಳು.

"ಸುಮ್ಕ ಕುಂಡ್ರ, ಮಾತಾಡಬ್ಯಾಡ!" ಎಂದು ರೇಗಿದೆ. ಹೆದರಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟು.

ಒಂದು ಮಧ್ಯಾಹ್ನ ಸೈಕಲ್ ಗಂಟೆ ಕೇಳಿಸಿತು. ಕಿಟಕಿಯಿಂದ ನೋಡುತ್ತ ನಿಂತೆ. ಎದುರು ಮನೆಯ ರೇಡರ್‌ನ ಅಳತೆ ಮುಗಿಯಿತು. ಆಚೆ ಮನೆಯವನದೂ ಆಯಿತು. ಕಾಕಾ ಸೈಕಲ್ ಏರಿದರು. ಸೈಕಲ್ ನಮ್ಮ ಬಾಗಿಲಿಗೆ ಬಂದು ನಿಂತಿತು.

"ಬರ್ರಿ ಕಾಕಾ, ಬರ್ರಿ!" ಎಂದು ಕಾಲುನೋವು ಮರೆತು ಓಡಿದೆ. ಹೆಂಡತಿ ಚಹಾಕ್ಕಿಡಲು ಒಳಗೆ ಹೋದಳು.

"ನೆಟ್ಟಗ ನಿಲ್ಲೋ ತಮ್ಮಾ," ಎನ್ನುತ್ತ ಕಾಕಾ ಎದೆಯ ಸುತ್ತ ಟೇಪು ಹಾಕಿದರು. ಅಬ್ಬಾ, ಉಳಿದೆ ಅನ್ನಿಸಿತು. ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವರು ನನ್ನ ಕೈಯನ್ನು ಚಾಚಿಸಿದರು. ಟೇಪು ಭುಜದಿಂದ ಹೊರಟು ಮೊಣಕೈ ದಾಟಿ ಮಣಿಕಟ್ಟಿಗೆ ಬಂತು.

"ಕಾಕಾ, ಬನಿಯನ್ನಿಗೆ ತೋಳ ಎಲ್ಲಿರ್ತಾವ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ನಿನಗ ಬಿಳಿ ಅಂಗಿ ಹೊಲಿ ಅಂದಾರಪಾ. ಈ ಸಲ ನೀ ಮ್ಯಾನೇಜರ್ ಅಂತ. ಹೊರಗ ಕುರ್ಚಿ ಮ್ಯಾಲ ಕುಂಡ್ರೂದು."

ಹೆಂಡತಿ ಚಹಾ ಹಿಡಿದು ನಗುತ್ತ ಹೊರಗೆ ಬಂದಳು. "ಅಳತಿ ಆತೇನ್ರಿ?"

ನಾನಿನ್ನೂ ಕೈ ಚಾಚಿಕೊಂಡೇ ನಿಂತಿದ್ದೆ.

"ಆತು," ಅಂದೆ.