ಗೆಳೆಯರ ತಟ್ಟೆಯ ಕೆಳಗೆ

ಕರಿ ಹಲಗೆಗೆ ಬಳಿಯುವ ಬಣ್ಣದ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ. ನನಗಂತೂ ತಲೆನೋವು ತರಿಸುತ್ತದೆ. ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಬೇಸಿಗೆ ರಜೆ ಮುಗಿಯುತ್ತ ಬಂತು, ನಿಪ್ಪಾಣಿಯ ನಮ್ಮ ಶಾಲೆಯ ಚಿಕ್ಕ ಮಕ್ಕಳ ಕೋಣೆಗೆ ಬಣ್ಣ ಬಳಿಯಲು ಇಲಾಹಿ ಬಂದಿದ್ದಾರೆ. ಅಂಗಡಿಗಳ ಬೋರ್ಡು ಬರೆಯುವ ಮನುಷ್ಯ, ನಮ್ಮ ಓಣಿಯವರೇ. ಈ ಊರಿನಲ್ಲಿ ತಂಬಾಕಿನ ಘಾಟು ಸದಾ ಇರುವಂಥದ್ದು. ಇವತ್ತು ಅದನ್ನೂ ಈ ಬಣ್ಣ ಸೋಲಿಸಿಬಿಟ್ಟಿದೆ. ನಾನು ಮೂಗಿಗೆ ಸೆರಗು ಹಿಡಿದು ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ಕೂತಿದ್ದೇನೆ. ನನ್ನ ಭಾರಕ್ಕೆ ಅದು ಆಗಾಗ ಕಿರ್ರೆನ್ನುತ್ತದೆ, ಏಳುವಾಗ ನನ್ನ ಮೊಳಕಾಲೂ ಅದೇ ಸದ್ದು ಮಾಡುತ್ತದೆ.

ಇಂಥ ಕೋಣೆಯನ್ನು ನೀವು ನೋಡಿರಬಹುದು. ಗೋಡೆಯ ಸುತ್ತಲೂ ಮಕ್ಕಳ ಕೈಗೆ ಎಟಕುವಷ್ಟೇ ಎತ್ತರದಲ್ಲಿ ಒಂದು ಕಪ್ಪು ಪಟ್ಟಿ. ಅದರಲ್ಲಿ ಬಿಳಿ ಗೆರೆ ಎಳೆದು ಚೌಕ ಮಾಡಿ, ಪ್ರತಿ ಚೌಕದ ಮೇಲೆ ಒಂದೊಂದು ಮಗುವಿನ ಹೆಸರು. ಆ ಚೌಕ ಆ ಮಗುವಿನದು, ಅಲ್ಲಿ ಬೇರೆಯವರು ಸೀಮೆಸುಣ್ಣ ತಾಗಿಸಿದರೆ ಅಳು, ಜಗಳ, ಚಾಡಿ ಎಲ್ಲ ಆಗುತ್ತದೆ.

"ಎಷ್ಟ ಚೌಕ ಹೊಡೀಲ್ರಿ ಅಕ್ಕೋರ?" ಎಂದು ಇಲಾಹಿ ಕೇಳಿದರು.

"ಸುತ್ತಲೂ ಹೊಡೀರಿ, ಹುಡುಗರು ಭಾಳ ಅದಾವ," ಎಂದೆ. ಹಾಗೆಂದ ಕೂಡಲೇ ಒಂದೇ ಒಂದು ಮಗುವಿದ್ದ ಕೋಣೆ ನೆನಪಾಯಿತು.

ಅದು ಬೋರಗಾಂವದ ಕಡೆಯ ಒಂದು ತೋಟದ ಶಾಲೆ. ಈ ಸೀಮೆಯಲ್ಲಿ ಎಷ್ಟೋ ಜನ ಊರೊಳಗೆ ಇರುವುದಿಲ್ಲ, ತಮ್ಮ ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಅವರ ಮಕ್ಕಳಿಗಾಗಿ ಕಬ್ಬಿನ ನಡುವೆ ಎರಡು ಕೋಣೆಯ ಒಂದು ಶಾಲೆ. ಬಸ್ಸು ಇಳಿದು ಕಾಲುವೆಯ ದಂಡೆ ಹಿಡಿದು ನಡೆಯಬೇಕು. ಕಬ್ಬು ಎತ್ತರಕ್ಕೆ ಬೆಳೆದ ಮೇಲೆ ಶಾಲೆ ಕಾಣುವುದೇ ಇಲ್ಲ, ಧ್ವಜದ ಕಂಬದ ತುದಿ ನೋಡಿಕೊಂಡು ಹೋಗಬೇಕು. ನಾನು ಗದಗದ ಕಡೆಯವಳು. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳಬೇಡಿ, ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿ ಈಗ ನನಗೇ ನಿಜವಾದದ್ದು ಮರೆತಿದೆ. ನಿಪ್ಪಾಣಿಯಲ್ಲಿ ಬಾಡಿಗೆಗೆ ಒಂದು ಕೋಣೆ. ಓಣಿಯ ಹೆಂಗಸರು ಮರಾಠಿಯಲ್ಲಿ ನಕ್ಕರೆ ನಾನೂ ಒಂದು ಗಳಿಗೆ ತಡವಾಗಿ ನಗುತ್ತಿದ್ದೆ. ಭಾನುವಾರ ಬಂದರೆ ಯಾರೊಂದಿಗೂ ಮಾತಿಲ್ಲದೆ ದಿನ ಮುಗಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಟಿಕೇಟು ಕೇಳುವುದೇ ಶನಿವಾರದ ನಂತರದ ನನ್ನ ಮೊದಲ ಮಾತಾಗಿರುತ್ತಿತ್ತು.

ನಾನು ಬಂದಾಗ ಆ ತೋಟದ ಶಾಲೆಯ ನನ್ನ ಕೋಣೆ ತುಂಬಿತ್ತು. ಒಂದರಿಂದ ಮೂರನೆಯ ಇಯತ್ತೆಯ ಮಕ್ಕಳೆಲ್ಲ ಒಟ್ಟಿಗೆ ಕೂತು ನಲಿ-ಕಲಿಯ ಪಾಠದ ಕಾರ್ಡು ಹಿಡಿದು ಕಲಿಯುತ್ತಿದ್ದರು. ಆಮೇಲೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಕಾಲುವೆಯ ದಾರಿಯಲ್ಲಿ ಬರತೊಡಗಿತು. ಮೊದಲು ಕಬ್ಬಿನ ದೊಡ್ಡ ಹೊಲದವರ ಮಗಳು ಸಾನ್ವಿ ಹತ್ತಿದಳು, ಅವಳ ಹಿಂದೆ ಅವಳ ಚಿಕ್ಕಪ್ಪನ ಮಕ್ಕಳು, ಆಮೇಲೆ ಉಳಿದವರು. ಬೈಯಲು ನನಗೆ ಬಾಯಿಲ್ಲ, ನನಗೆ ಮಕ್ಕಳಿದ್ದರೆ ನಾನೂ ಹತ್ತಿಸುತ್ತಿದ್ದೆನೋ ಏನೋ. ಪಕ್ಕದ ಕೋಣೆಯಲ್ಲಿ ಹೆಡ್ ಮಾಸ್ತರರ ಬಳಿ ಕೆಲವು ದೊಡ್ಡ ಹುಡುಗರು ಉಳಿದರು, ಅವರದು ಅವರದೇ ಕ್ರಿಕೆಟ್. ನನ್ನ ಕೋಣೆಯಲ್ಲಿ ಮಾಯವ್ವ ಮಾತ್ರ ಉಳಿದಳು.

ಮಾಯವ್ವನಿಗೆ ಆಗ ಆರು ವರ್ಷ. ಕುರಿ, ಆಡು ಸಾಕುವ ಮನೆ. ಅವಳ ಆಯಿ, ಅಂದರೆ ಅಜ್ಜಿ, ಸತ್ಯವ್ವ ಶಾಲೆಯ ಹಿಂದಿನ ಹೊಲದ ಬಾಂದಿನ ಮೇಲೆಯೇ ಆಡು ಮೇಯಿಸುತ್ತಿದ್ದಳು. ವ್ಯಾನಿನ ಫೀ ಅವರ ಕೈಗೆ ಎಟಕುವಂಥದ್ದಾಗಿರಲಿಲ್ಲ.

ಒಂದೇ ಮಗುವಿಗೆ ಪಾಠ ಮಾಡುವುದು ಸುಲಭ ಎಂದು ನೀವು ಅಂದುಕೊಳ್ಳಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಚಿಕ್ಕ ಮಕ್ಕಳ ಕಲಿಕೆಯಲ್ಲಿ ಎಲ್ಲಕ್ಕೂ ಇನ್ನೊಂದು ಮಗು ಬೇಕು. ಕೈ ಕೈ ಹಿಡಿದು ವೃತ್ತ ಮಾಡಿ ಹಾಡಬೇಕು ಎಂದರೆ ಇಬ್ಬರಿಂದ ವೃತ್ತ ಆಗುವುದಿಲ್ಲ, ಕೈ ಹಿಡಿದು ಗಿರಗಿರ ತಿರುಗುವ ಫುಗಡಿ ಆಗುತ್ತದೆ. ಆಡಿದೆವು. ಎರಡು ಸುತ್ತಿಗೇ ನನಗೆ ತಲೆ ತಿರುಗಿ ಕಿಟಕಿ ಹಿಡಿದು ನಿಂತೆ, ಬಾಂದಿನ ಮೇಲಿಂದ ಸತ್ಯವ್ವ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು.

ಕೋಣೆಯ ಮಾಡಿನಿಂದ ಬಣ್ಣದ ರಟ್ಟಿನ ತಟ್ಟೆಗಳನ್ನು ಇಳಿಬಿಟ್ಟಿದ್ದೆವು. ಟೀಚರ ಹತ್ತಿರ ಕಲಿಯುವವರು ಒಂದರ ಕೆಳಗೆ, ತಾವಾಗಿ ಮಾಡುವವರು ಇನ್ನೊಂದರ ಕೆಳಗೆ, ಗೆಳೆಯರ ಸಹಾಯದಿಂದ ಕಲಿಯುವವರು ಮತ್ತೊಂದರ ಕೆಳಗೆ ಕೂರಬೇಕು, ಯಾವುದರ ಕೆಳಗೆ ಎಂದು ಕಾರ್ಡೇ ಹೇಳುತ್ತದೆ. ಒಂದು ದಿನ ಮಾಯವ್ವನ ಕಾರ್ಡಿಗೆ ಗೆಳೆಯರ ತಟ್ಟೆ ಬಂತು. ಅವಳು ಹೋಗಿ ಆ ಹಳದಿ ತಟ್ಟೆಯ ಕೆಳಗೆ ಚಾಪೆಯ ಮೇಲೆ ಕೂತು ಸುಮ್ಮನೆ ಬಾಗಿಲು ನೋಡತೊಡಗಿದಳು.

"ಯಾಕ ಮಾಯವ್ವಾ, ಶುರು ಮಾಡ."

"ಯಾರ ಜೋಡಿ ಮಾಡ್ಲಿರಿ?"

"ನನ್ನ ಜೋಡಿ ಮಾಡ."

"ನೀವು ಅಕ್ಕೋರ ಅದೀರಿ. ಗೆಳತಿ ಅಲ್ರಿ."

ಅವಳ ಮಾತು ಸರಿಯೇ ಇತ್ತು. "ಹಂಗಾರ ನಾ ಸಾನ್ವಿ ಆಗಲೇನ?" ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನರೆತ ಕೂದಲು, ಕನ್ನಡಕ, ಇಸ್ತ್ರಿ ಮಾಡಿದ ಸೀರೆ. ಸಾನ್ವಿಯ ಯಾವ ಲಕ್ಷಣವೂ ಸಿಕ್ಕಿರಲಿಕ್ಕಿಲ್ಲ.

"ಆಗ್ರಿ. ಆದರ ಸಾನ್ವಿಗೆ ಎಲ್ಲಾ ಬರತಿದ್ದಿಲ್ಲ. ನೀವೂ ತಪ್ಪಬೇಕ ನೋಡ್ರಿ."

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ ಆ ತಟ್ಟೆಯ ಕೆಳಗೆ ಕೂತರೆ ನಾನು ಸಾನ್ವಿ, ಎದ್ದರೆ ಅಕ್ಕೋರು. ಚಾಪೆಯ ಮೇಲೆ ಮಾಯವ್ವ ನನ್ನನ್ನು ಬೈಯಬಹುದಿತ್ತು, ಸೀಮೆಸುಣ್ಣ ಕಸಿಯಬಹುದಿತ್ತು. "ಏ ಸಾನ್ವಿ, ಕಣ್ಣ ಎಲ್ಲಿ ಇಟ್ಟಿ? ಹನ್ನೆರಡರ ಮುಂದ ಹದಿನೈದ ಬರತೈತೇನ?" ಎಂದು ತಲೆಯ ಮೇಲೆ ಮೊಟಕಬಹುದಿತ್ತು. ನಾನು ಬೇಕೆಂದೇ ತಪ್ಪುತ್ತಿದ್ದೆ, ಆಮೇಲೆ ಆಮೇಲೆ ಹೆಚ್ಚೇ ತಪ್ಪತೊಡಗಿದೆ. ನಿಜ ಹೇಳುತ್ತೇನೆ, ನನಗದು ಬಹಳ ಹಿಡಿಸಿತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಲಿಗೆಯಿಂದ ಬೈಯುವವರು ಯಾರೂ ಉಳಿದಿರಲಿಲ್ಲ. ಎಲ್ಲರೂ ಮರ್ಯಾದೆ ಕೊಡುತ್ತಿದ್ದರು, ಮರ್ಯಾದೆ ಕೊಟ್ಟು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ನೋಡುತ್ತೇನೆ, ಗೋಡೆಯ ಮೇಲೆ ಇನ್ನೂ ಉಳಿದಿದ್ದ ಸಾನ್ವಿಯ ಚೌಕದಲ್ಲಿ ಹಿಂದಿನ ದಿನದ ಪಾಠ ಬರೆದಿದೆ. ಸಾನ್ವಿ ಎಡಗೈಯವಳು, ಅವಳ ಅಕ್ಷರಗಳು ಒಂದು ಪಕ್ಕಕ್ಕೆ ವಾಲುತ್ತಿದ್ದವು. ಅವೂ ಹಾಗೇ ವಾಲಿದ್ದವು. ಮಾಯವ್ವ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬರೆದಿದ್ದಳು.

"ಇದ್ಯಾಕವಾ?" ಎಂದು ಕೇಳಿದೆ.

"ಆಕಿ ತಿರುಗಿ ಬಂದಾಗ ಹಿಂದ ಬೀಳಬಾರದಲ್ರಿ," ಎಂದಳು.

ವ್ಯಾನು ಹತ್ತಿದವರು ಇಳಿದು ಬರುವುದಿಲ್ಲ ಎಂದು ಹೇಳಬೇಕಿತ್ತು. ಅದರ ಬದಲು ಆ ದಿನದ ಕಾರ್ಡು ಅವಳ ಕೈಗಿಟ್ಟೆ.

ಹೇಳುವ ಕೆಲಸವನ್ನು ಸಾನ್ವಿಯೇ ಮಾಡಿದಳು. ತನ್ನ ಶಾಲೆಗೆ ರಜೆ ಇದ್ದ ಒಂದು ದಿನ ನಮ್ಮ ಗೇಟಿನ ಬಳಿ ಬಂದು ನಿಂತಳು. ಮಾಯವ್ವ ಅವಳ ಕೈ ಹಿಡಿದು ಒಳಗೆ ಎಳೆದು ತಂದು, ಗೋಡೆಯ ಮುಂದೆ ನಿಲ್ಲಿಸಿದಳು. ಸಾನ್ವಿ ನೋಡಿದಳು. "ನಮ್ಮ ಸಾಲ್ಯಾಗ ಗ್ವಾಡಿ ಮ್ಯಾಲ ಬರ್ಯಾಂಗಿಲ್ಲ. ಬರದರ ಮಿಸ್ ಬೈತಾರ," ಎಂದಳು. ಕೆಟ್ಟ ಹುಡುಗಿಯೇನಲ್ಲ, ಇದ್ದದ್ದನ್ನು ಹೇಳಿ, ಮನೆಯಲ್ಲಿ ಕರೆಯುತ್ತಾರೆಂದು ಓಡಿಹೋದಳು. ಅವಳು ಹೋದ ಮೇಲೆ ಮಾಯವ್ವ ಅರಿವೆ ನೀರಿನಲ್ಲಿ ಅದ್ದಿ ಆ ಚೌಕವನ್ನು ಒರೆಸಿದಳು, ಮೂಲೆಗಳನ್ನೂ ಬಿಡಲಿಲ್ಲ.

ಮರುದಿನ ಚಾಪೆಯ ಮೇಲೆ ಕೂತಾಗ ಅವಳು, "ಇವತ್ತಿಂದ ನೀ ಸಾನ್ವಿ ಆಗೂದು ಬ್ಯಾಡ. ನಿಂದ ಹೆಸರ ಏನ?" ಎಂದಳು.

ಅವ್ವ ಕರೆಯುತ್ತಿದ್ದ ಹೆಸರು ತಾನಾಗಿ ಬಾಯಿಗೆ ಬಂತು. "ಶಾರಿ," ಎಂದೆ.

"ಶಾರಿ, ನೀ ಭಾಳ ತಪ್ಪತಿ. ನಾ ಕಲಸ್ತೀನಿ, ಅಂಜಬ್ಯಾಡ."

ಅಂಜಬೇಡ ಎಂದು ನನಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ! ಕಣ್ಣಿಗೆ ಸೀಮೆಸುಣ್ಣದ ಪುಡಿ ಬಿತ್ತೆಂದು ಸುಳ್ಳು ಹೇಳಬೇಕಾಯಿತು.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಸತ್ಯವ್ವ ಕೋಣೆಯ ಹೊಸ್ತಿಲ ಬಳಿ ಬಂದು ಕೂತಳು. "ಅಕ್ಕೋರ, ಒಂದ ಮಾತ ಕೇಳೂದಿತ್ರಿ. ನನ್ನ ಮಗಾ ಊರಾಗಿನ ಹಾಲಿನ ಡೇರಿಗೆ ಕೆಲಸಕ್ಕ ಹೊಂಟಾನ. ಪೋರಿನ್ನ ಸೈಕಲ್ ಮ್ಯಾಲ ಊರ ಸರಕಾರಿ ಸಾಲಿಗೆ ಬಿಡ್ತೀನಿ ಅಂತಾನ. ಏನ ಮಾಡೂಣ್ರಿ? ನೀವು ಬ್ಯಾಡ ಅಂದ್ರ ಇಲ್ಲೇ ಇಡ್ತೀನಿ. ನಿಮ್ಮನ್ನ ಭಾಳ ಹಚಗೊಂಡಾಳ."

ಮಾಯವ್ವ ಹೋದರೆ ನನ್ನ ಕೋಣೆಗೆ ಬೀಗ, ನನಗೆ ಬೇರೆ ಶಾಲೆ. ಅದು ದೊಡ್ಡ ಮಾತಲ್ಲ. ಆದರೆ ಮಧ್ಯಾಹ್ನದ ಆ ಚಾಪೆ? ಬೇಡ ಎಂದುಬಿಡಲೇ ಅನ್ನಿಸಿತು. ಇಲ್ಲೇ ಚೆನ್ನಾಗಿ ಕಲಿಯುತ್ತಿದ್ದಾಳೆ ಎಂದರೆ ಆ ಮುದುಕಿ ಮರುಮಾತಾಡುತ್ತಿರಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಕೂಗು ಕೇಳಿತು. ಅಂಗಳದಲ್ಲಿ ಮಾಯವ್ವ ಗೆರೆ ಎಳೆದು ಕೆರೆ-ದಡ ಆಡುತ್ತಿದ್ದಳು. "ಕೆರಿ" ಎಂದು ತಾನೇ ಕೂಗಿ ತಾನೇ ಜಿಗಿಯುತ್ತಿದ್ದಳು, "ದಡ" ಎಂದು ತಾನೇ ಹಿಂದಕ್ಕೆ ಬರುತ್ತಿದ್ದಳು. ಒಮ್ಮೆ ತಪ್ಪು ಜಿಗಿದಳು. "ಔಟ್!" ಎಂದು ತನಗೆ ತಾನೇ ಹೇಳಿಕೊಂಡು, ಹೋಗಿ ಗೋಡೆಗೆ ಒರಗಿ ನಿಂತಳು. ಆಟ ಮುಂದುವರಿಸಲು ಅಂಗಳದಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ನಿಯಮದಂತೆ ನಿಂತೇ ಇದ್ದಳು.

"ಹಾಕ್ರಿ ಅವ್ವಾ," ಎಂದೆ. "ಊರ ಸಾಲಿಗೇ ಹಾಕ್ರಿ."

ಕೊನೆಯ ದಿನ ಕಾರ್ಡು ತೆಗೆಯಲಿಲ್ಲ. ಮಾಯವ್ವ ನೇರ ಹೋಗಿ ಹಳದಿ ತಟ್ಟೆಯ ಕೆಳಗೆ ಕೂತು ಚಾಪೆ ತಟ್ಟಿದಳು, ನಾನೂ ಹೋಗಿ ಕೂತೆ. ಬಹಳ ಹೊತ್ತು ಚಾಪೆಯ ಎಳೆ ಕೀಳುತ್ತಿದ್ದಳು. ಆಮೇಲೆ ಕೇಳಿದಳು:

"ಶಾರಿ, ನಾ ಹ್ವಾದ ಮ್ಯಾಲ ನೀ ಯಾರ ಜೋಡಿ ಆಡ್ತಿ?"

ಇಷ್ಟು ವರ್ಷ ಪ್ರಶ್ನೆ ಕೇಳಿ ಉತ್ತರ ಹೇಳಿಸಿದವಳು ನಾನು. "ಬ್ಯಾರೆ ಸಾಲ್ಯಾಗ ಹುಡುಗರು ಭಾಳ ಇರತಾವ," ಎಂದೆ. ತಪ್ಪು ಉತ್ತರ, ಈ ಸಲ ಬೇಕೆಂದು ತಪ್ಪಿದ್ದಲ್ಲ.

ಮರುವರ್ಷ ಮಳೆಗಾಲದಲ್ಲಿ ಒಮ್ಮೆ ಅವಳ ಊರ ಶಾಲೆಗೆ ಹೋಗಿದ್ದೆ. ಕೆಲಸವಿತ್ತು ಎಂದು ಅಲ್ಲಿಯವರಿಗೆ ಹೇಳಿದೆ, ಇರಲಿಲ್ಲ. ಹುಡುಗಿಯರ ಗುಂಪಿನ ನಡುವೆ ಮಾಯವ್ವ ಯಾರಿಗೋ ಜೋರಾಗಿ ಬೈಯುತ್ತಿದ್ದಳು. ನನ್ನನ್ನು ಕಂಡು ಓಡಿ ಬಂದು, "ನಮಸ್ಕಾರ್ರಿ ಅಕ್ಕೋರ," ಎಂದು ಕೈ ಮುಗಿದಳು. ಗೆಳತಿಯರು ಕರೆದರು, ತಿರುಗಿ ಓಡಿದಳು. ಅವಳು ನಡೆದುಕೊಂಡದ್ದು ಸರಿಯೇ, ಅಲ್ಲಿ ಚಾಪೆ ಇರಲಿಲ್ಲವಲ್ಲ. ಬಸ್ಸಿನಲ್ಲಿ ಬರುವಾಗ ಸಂತೋಷವೇ ಆಗಿತ್ತು. ಆದರೆ ನನ್ನ ಬಾಡಿಗೆ ಕೋಣೆಯ ಬೀಗ ತೆಗೆಯುವ ಮೊದಲು ಹೊರಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ.

ನನಗೆ ವರ್ಗವಾದ ನಿಪ್ಪಾಣಿಯ ಈ ದೊಡ್ಡ ಶಾಲೆಯಲ್ಲಿ ಮಕ್ಕಳಿಗೆ ಕೊರತೆಯಿಲ್ಲ. ಗೆಳೆಯರ ತಟ್ಟೆಯ ಕೆಳಗೆ ಯಾವಾಗಲೂ ನೂಕುನುಗ್ಗಲು, ಅಲ್ಲಿ ನನ್ನ ಅಗತ್ಯ ಯಾರಿಗೂ ಬಿದ್ದಿಲ್ಲ. ಬಂದಾಗಿನಿಂದ ನಾನು ನಿಂತುಕೊಂಡೇ ಕಲಿಸಿದ್ದೇನೆ. ಒಂದೇ ಮಗುವಿದ್ದ ಕೋಣೆಗಿಂತ ಈ ತುಂಬಿದ ಕೋಣೆಯಲ್ಲೇ ಒಬ್ಬಳೇ ಎನ್ನಿಸುತ್ತದೆ.

"ಅಕ್ಕೋರ," ಇಲಾಹಿ ಕುಂಚ ಒರೆಸುತ್ತ ಕರೆದರು. "ಎಲ್ಲಾ ಹೆಸರ ಬರದಾತ್ರಿ. ಬಾಗಲ ಹಂತ್ಯಾಕ ಒಂದ ಚೌಕ ಉಳದೈತಿ. ಖಾಲಿ ಬಿಡ್ಲೇನ್ರಿ?"

ಕುರ್ಚಿಯಿಂದ ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಮೊಳಕಾಲು ತನ್ನ ಸದ್ದು ಮಾಡಿತು.

"ಬ್ಯಾಡ್ರಿ. ಇನ್ನೊಂದ ಹೆಸರ ಐತಿ. ಶಾರಿ ಅಂತ ಬರೀರಿ."

"ಹೊಸಾ ಹುಡುಗಿ ಏನ್ರಿ?"

"ಹೌದ್ರಿ. ಆಕಿಗೆ ಇಲ್ಲಿ ಯಾರೂ ಜೋಡಿ ಇಲ್ಲ," ಎಂದೆ. ಆಮೇಲೆ ಬಾಗಿಲ ಬಳಿಯ ಆ ಚೌಕ ನೋಡಿ ಮನಸ್ಸು ತಡೆಯಲಿಲ್ಲ. "ತುದಿಗೆ ಬ್ಯಾಡ್ರಿ, ಬರದದ್ದ ಒಂದ ಹೆಸರ ಅಳಿಸಿ ಆ ತುದಿಗೆ ಸರಸ್ರಿ. ಆಕಿದು ಹುಡುಗರ ನಡುವ ಇರಲಿ."