ನೀರಿನಲ್ಲಿ ಸಮ ನಿಂತ ಬಂಡಿ

ಇಂಥ ಅನುಭವಗಳನ್ನು ಬೇರೆಯವರು ಹೇಳತೊಡಗಿದರೆ ನಾನು ಸುಮ್ಮನೆ ಎದ್ದು ಹೋಗುತ್ತಿದ್ದೆ. ನಮ್ಮದು ಬುದ್ಧನನ್ನು ಒಪ್ಪಿಕೊಂಡ ಮನೆ. ದೆವ್ವ, ಆತ್ಮ ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಮೇಲಾಗಿ ನಾನು ಹಟ್ಟಿಯ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ಭಾರ ಇದ್ದ ಕಡೆ ಬಾಗುತ್ತದೆ, ಇಲ್ಲದ ಕಡೆ ಏಳುತ್ತದೆ. ನನ್ನ ನಂಬಿಕೆ ಅಷ್ಟೇ ಆಗಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ.

ನನ್ನ ಹೆಂಡತಿ ಸುಜಾತಾ ಲಿಂಗಸುಗೂರು ಕಡೆ ಸರ್ಕಾರಿ ನರ್ಸ್ ಆಗಿದ್ದಳು. ಕೃಷ್ಣಾ ನದಿಯ ನಡುಗಡ್ಡೆಯಲ್ಲಿರುವ ಮನೆಗಳಿಗೆ ಲಸಿಕೆಯ ಡಬ್ಬಿ ಹಿಡಿದು ಹರಿಗೋಲಿನಲ್ಲಿ ಹೋಗಿಬರುತ್ತಿದ್ದಳು. ಈಜು ಬರುತ್ತಿರಲಿಲ್ಲ. ಒಂದು ಸಲ ಫೋನಿನಲ್ಲಿ, ನೆಲದ ಮೇಲೂ ನೀರಿನ ಮೇಲೂ ಓಡುವ ಎಂಟು ಗಾಲಿಯ ಬಂಡಿಯ ವಿಡಿಯೊ ನೋಡಿ ನನ್ನನ್ನು ಕರೆದಳು. "ನೋಡ್ರಿ, ಇಂಥಾದ್ದೊಂದು ಇದ್ರ ನಾ ಸೀರಿ ತೋಯಿಸ್ಕೊಳ್ಳದ ಹೋಗಿ ಬರ್ತಿದ್ದೆ. ನೀವು ರಿಟೈರ್ ಆದಮ್ಯಾಲ ಒಂದು ತಂದು ಹೊಡೀರಿ, ಬಾಜು ನಾ ಕೂಡ್ತೀನಿ" ಎಂದಳು. ನಾನು ನಿವೃತ್ತನಾಗುವ ಮೊದಲೇ ಕಾಯಿಲೆ ಬಿದ್ದು ಹೋಗಿಬಿಟ್ಟಳು.

ನಿವೃತ್ತನಾದ ಮೇಲೊಂದು ದಿನ ಸಿಂಧನೂರಿನ ಚಹಾದಂಗಡಿಯಲ್ಲಿ ಸುದ್ದಿ ಕಿವಿಗೆ ಬಿತ್ತು: ಜವಳಗೇರಾ ಹತ್ತಿರ ಮೀನು ಸಾಕುವವರೊಬ್ಬರ ಬಳಿ ಅಂಥದ್ದೇ ಹಳೆಯ ಬಂಡಿ ಕೆಟ್ಟು ನಿಂತಿದೆ. ಹೋಗಿ ಕೊಂಡೆ. ದುರಸ್ತಿ ಮಾಡಿ ನಡುಗಡ್ಡೆಗೆ ಲಸಿಕೆ ಒಯ್ಯುವ ಕೆಲಸಕ್ಕೆ ಕೊಟ್ಟುಬಿಡಬೇಕು ಎಂದುಕೊಂಡಿದ್ದೆ. ಗಣಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಮಹಬೂಬ ಈಗ ಮಸ್ಕಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹಾಕಿಸಿ ಅಲ್ಲಿಗೆ ತಂದೆ. ನೋಡಲು ದೊಡ್ಡ ಪ್ಲಾಸ್ಟಿಕ್ ತೊಟ್ಟಿಗೆ ಗಾಲಿ ಹಚ್ಚಿದಂತಿತ್ತು. ತಳ ಸೀಳಿತ್ತು. ಚೈನುಗಳಿಗೆ ತುಕ್ಕು ಹಿಡಿದಿತ್ತು. ಏರ್ ಫಿಲ್ಟರಿನಲ್ಲಿ ಇಲಿ ಗೂಡು ಮಾಡಿತ್ತು. ಚಳಿಗಾಲವೆಲ್ಲ ಅದರಲ್ಲೇ ಕಳೆಯಿತು. ತಳಕ್ಕೆ ತೇಪೆ ಹಾಕಿದೆವು, ಆಕ್ಸಲುಗಳಿಗೆ ನೀರು ನುಗ್ಗದಂತೆ ಹೊಸ ಸೀಲು ಕೂಡಿಸಿದೆವು. ಕೈಯಲ್ಲಿ ಕೆಲಸ ಇದ್ದಷ್ಟು ಹೊತ್ತು ಮನೆಗೆ ಹೋಗಿ ಬೀಗ ತೆಗೆಯುವ ಯೋಚನೆ ಬರುತ್ತಿರಲಿಲ್ಲ.

ಊರಾಚೆಯ ಜಲಾಶಯದಲ್ಲಿ ನೀರಿಗಿಳಿಸಿದೆವು. ಇಬ್ಬರು ಕೂಡುವ ಸೀಟು, ಓಡಿಸುವವನು ಬಲಕ್ಕೆ. ನಾನೊಬ್ಬನೇ ಕೂತರೆ ಬಂಡಿ ಬಲಕ್ಕೆ ಬಾಗಿ ನೀರು ಅಂಚಿನವರೆಗೆ ಬರುತ್ತಿತ್ತು. ಮಹಬೂಬ ಎಡಸೀಟಿನ ಮೇಲೆ ಮರಳಿನ ಚೀಲ ಇಟ್ಟ. ಆಗ ಸಮ ನಿಂತಿತು. ಮುಂದೆ ಹಾಗೇ ಓಡಿಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಎಡಗಡೆಯ ಸೀಲು ನೋಡಲು ಚೀಲ ಕೆಳಗಿಳಿಸಿದ್ದೆವು. ಮರಳಿ ಇಡುವುದು ಇಬ್ಬರಿಗೂ ಮರೆಯಿತು. ಗಾಳಿಯಿರಲಿಲ್ಲ. ಬಂಡಿ ತುಸುವೂ ವಾಲದೆ ನಡುನೀರಿಗೆ ಬಂತು. ದಂಡೆಯ ಮೇಲೆ ಮಹಬೂಬ ಕೈಬೀಸುತ್ತಿದ್ದ. ಏನೆಂದು ಕೇಳಿಸದೆ ಎಂಜಿನ್ ನಿಲ್ಲಿಸಿದೆ.

"ಅಣ್ಣಾ, ಚೀಲ ಇಲ್ಲೇ ಐತಿ. ವಾಪಸ್ ಬರ್ರಿ."

ಎಡಕ್ಕೆ ನೋಡಿದೆ. ಸೀಟು ಖಾಲಿ. ಕೈ ಇಟ್ಟೆ, ಬಿಸಿಲಿಗೆ ಕಾದ ರೆಕ್ಸಿನ್, ಬೇರೇನೂ ಇಲ್ಲ. ಬೇಕೆಂದೇ ಬಲಕ್ಕೆ ವಾಲಿದೆ. ಬಂಡಿ ಕೊಂಚ ಬಾಗಿ, ನಾನು ನೆಟ್ಟಗಾದ ಕೂಡಲೇ ಮತ್ತೆ ಸಮವಾಯಿತು. ಹೆದರಿಕೆ ಆಗಲಿಲ್ಲ. ಎಂಜಿನ್ ಮತ್ತೆ ಹಚ್ಚುವ ಮನಸ್ಸಾಗಲಿಲ್ಲ. ಹಾಗೇ ಕೂತಿದ್ದೆ. ಆಚೆ ದಂಡೆಯಲ್ಲಿ ಕುರಿಗಾರರು ಮಂದೆಯನ್ನು ನೀರಿಗೆ ತಂದಿದ್ದರು. ಮರಿಗಳ ದನಿ ಕೇಳುತ್ತಿತ್ತು. ಸುಜಾತಾ ಎಂದು ಹೆಸರು ಹಿಡಿದು ಕರೆಯಬೇಕೆನಿಸಿತು. ಕರೆದರೆ ಎಲ್ಲಿ ಬಂಡಿ ಬಾಗಿಬಿಡುತ್ತದೋ ಎಂದು ಕರೆಯಲಿಲ್ಲ.

ಕೊನೆಗೆ ದಂಡೆಗೆ ತಿರುಗಿಸಿದೆ. ಗಾಲಿಗೆ ದಂಡೆಯ ಕೆಸರು ಇನ್ನೂ ತಾಗಿರಲಿಲ್ಲ, ಆಗಲೇ ಎಡಭಾಗ ಮೆಲ್ಲಗೆ ಮೇಲೆದ್ದಿತು. ಬಂಡಿ ಬಲಕ್ಕೆ ವಾಲಿ ನನ್ನ ಪ್ಯಾಂಟು ತೋಯ್ದಿತು. ಸ್ಕೂಟರ್ ಪೂರ್ತಿ ನಿಲ್ಲುವ ಮೊದಲೇ ಇಳಿದುಬಿಡುವುದು ಸುಜಾತಾಳ ಅಭ್ಯಾಸವಾಗಿತ್ತು. ಎಷ್ಟು ಬೈದರೂ ಬಿಟ್ಟಿರಲಿಲ್ಲ.

ಮಹಬೂಬ ತಳದಲ್ಲಿ ನೀರು ಹೊರಬಿಡುವ ಬಿರಡೆ ಬಿಚ್ಚಿ ನೋಡಿದ. "ಎಡಕ್ಕ ನೀರು ತುಂಬಿರ್ಬೇಕು ಅಂದ್ಕೊಂಡಿದ್ದೆ ಅಣ್ಣಾ. ಒಂದು ಹನೀನೂ ಇಲ್ಲ. ಮತ್ತ ಹೆಂಗ ಸಮ ನಿಂತಿತ್ತು?"

"ನನಗೇನು ಗೊತ್ತೋ" ಎಂದೆ.

ಅವನು ನನ್ನ ಮುಖ ನೋಡಿ, ಹೆಗಲ ಮೇಲಿನ ಟವೆಲ್ ಕೊಟ್ಟ.

ಅಲ್ಲಿಂದೀಚೆಗೆ ಚೀಲವಿಲ್ಲದೆ ಎಷ್ಟೋ ಸಲ ನೀರಿಗಿಳಿದಿದ್ದೇನೆ. ಪ್ರತಿ ಸಲವೂ ಬಂಡಿ ಬಲಕ್ಕೆ ಬಾಗಿದೆ. ಗಾಳಿ, ನೀರಿನ ಸೆಳೆತ, ತಳದ ತೇಪೆ, ಎಲ್ಲವನ್ನೂ ಯೋಚಿಸಿ ನೋಡಿದೆ, ಯಾವುದೂ ಹೊಂದಲಿಲ್ಲ. ಸುಜಾತಾಳ ಜಾಗಕ್ಕೆ ಬಂದಿರುವ ನರ್ಸ್ ಮೊನ್ನೆ ಫೋನ್ ಮಾಡಿ, "ಹೊಳಿ ತುಂಬೂದ್ರೊಳಗ ಬಂಡಿ ಸಿಗ್ತೈತೇನ್ರಿ ಕಾಕಾ?" ಎಂದು ಕೇಳಿದಳು. ಕೊಡುತ್ತೇನೆ, ಕೊಡಲೇಬೇಕು. "ಇನ್ನೊಂಚೂರು ಕೆಲಸ ಐತವ್ವಾ" ಎಂದೆ.

ಕೆಲಸವೇನೂ ಉಳಿದಿಲ್ಲ. ಬರುವ ಭಾನುವಾರ ಚೀಲ ಇಡದೆ ಇನ್ನೊಮ್ಮೆ ಜಲಾಶಯಕ್ಕೆ ಹೋಗಿಬರಬೇಕೆಂದಿದ್ದೇನೆ.